ಮೊದಲ ಲಿನಕ್ಸ್ ಯಾವುದು? ಪೆನ್‌ಡ್ರೈವ್‌ನಲ್ಲಿ ಓಡಿಸಿ ನೋಡಿ, ಆಮೇಲೆ ಆರಿಸಿ

2025ರ ದೀಪಾವಳಿಗೆ ಅಕ್ಕನ ಮಗ ಧಾರವಾಡದಿಂದ ಗದಗಿಗೆ ಬಂದವನು ಕೈಕಾಲು ತೊಳೆಯುವ ಮೊದಲೇ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ನನ್ನ ಮುಂದೆ ಇಟ್ಟ. ಬಿಸಿಎ ಓದುತ್ತಾನೆ, ಸಪ್ತಾಪುರದಲ್ಲಿ ರೂಮು. "ಮಾಮಾ, ಇದಕ್ಕ ಇನ್ನ ಅಪ್‌ಡೇಟ್ ಬರಂಗಿಲ್ಲಂತ. ವಿಂಡೋಸ್ 11 ಹಾಕೋಣಂದ್ರ ಈ ಮಷಿನ್‌ಗೆ ಆಗಂಗಿಲ್ಲ ಅಂತ ತೋರಸ್ತೈತಿ. ಲಿನಕ್ಸ್ ಹಾಕ್ಬೇಕಂತ ಮಾಡೇನಿ. ಯಾವುದು ಹಾಕ್ಲಿ ಹೇಳು."

ಅವನು ಹೇಳಿದ್ದು ನಿಜ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಕೊಡುವುದನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ಪು ಕೇಳುತ್ತದೆ, ಹೊಸ ಕಾಲದ ಪ್ರೊಸೆಸರ್ ಕೇಳುತ್ತದೆ. ಅವನ ಲ್ಯಾಪ್‌ಟಾಪ್ ಹಳೆಯದು, ಅವರಪ್ಪ ಸೆಕೆಂಡ್ ಹ್ಯಾಂಡ್ ಕೊಡಿಸಿದ್ದು. ಹಾಗಂತ ಅದು ಕೆಟ್ಟಿಲ್ಲ. ಕೀಬೋರ್ಡ್ ಚೆನ್ನಾಗಿದೆ, ಸ್ಕ್ರೀನ್ ಚೆನ್ನಾಗಿದೆ, ಬ್ಯಾಟರಿ ಒಂದು ಗಂಟೆ ತಡೆಯುತ್ತದೆ.

ಲಿನಕ್ಸ್ ಅಂದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಮುಕ್ತ ಸಾಫ್ಟ್‌ವೇರ್, ಅದರಲ್ಲಿ ಬಗೆಬಗೆ ಇವೆ. ಅವನ ಫೋನಿನಲ್ಲಿ ಆಗಲೇ ಒಂದು ಪಟ್ಟಿ ಇತ್ತು, ಹನ್ನೆರಡು ಲಿನಕ್ಸ್ ಹೆಸರು, ಒಂದೊಂದರ ಮುಂದೆ ಇಷ್ಟಿಷ್ಟು ಸ್ಟಾರು. ನಾನು ಪಟ್ಟಿ ನೋಡಲಿಲ್ಲ. "ತಮ್ಮಾ, ರ‍್ಯಾಮ್ ಎಷ್ಟೈತಿ? 8 ಜಿಬಿ ಪೆನ್‌ಡ್ರೈವ್ ಐತೇನು?" ಅಂದೆ. ಯಾವ ಲಿನಕ್ಸ್ ಹಾಕಲಿ ಅಂತ ನನಗೆ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೂತಾಗಲೂ ಜನ ಕೇಳುತ್ತಾರೆ, ಎಲ್ಲರಿಗೂ ಒಂದೇ ಉತ್ತರ ಕೊಡುತ್ತೇನೆ. ನಿಮ್ಮದೇ ಮಷಿನ್ ಮೇಲೆ, ನಿಮ್ಮದೇ ಕೆಲಸ ಇಟ್ಟುಕೊಂಡು, ಪೆನ್‌ಡ್ರೈವ್‌ನಿಂದ ಅರ್ಧ ಗಂಟೆ ಓಡಿಸಿ ನೋಡಿ. ಅಂಗಡಿಯಲ್ಲಿ ಚಪ್ಪಲಿ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡುತ್ತೇವಲ್ವಾ, ಹಾಗೆ. ಬೇರೆಯವರ ಕಾಲಿಗೆ ಸರಿಹೋದದ್ದು ನಿಮಗೆ ಕಚ್ಚಬಹುದು.

ಹಿಟ್ಟು ಒಂದೇ, ಖಾನಾವಳಿ ಬೇರೆ ಬೇರೆ

ಲಿನಕ್ಸ್ ಅಂದರೆ ನಿಜವಾಗಿ ಒಂದು ಕರ್ನಲ್. ಮೆಮೊರಿ, ಡಿಸ್ಕ್, ಕೀಬೋರ್ಡ್ ಎಲ್ಲವನ್ನೂ ಒಳಗಿಂದ ನಡೆಸುವ ಭಾಗ. 1991ರಲ್ಲಿ ಫಿನ್‌ಲೆಂಡಿನಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಇದನ್ನು ಬರೆಯಲು ಶುರು ಮಾಡಿದರು. ಬರೀ ಕರ್ನಲ್ ಇದ್ದರೆ ನಮಗೆ ಏನೂ ಕಾಣುವುದಿಲ್ಲ. ಅದರ ಮೇಲೆ ಡೆಸ್ಕ್‌ಟಾಪ್, ಬ್ರೌಸರ್, ಫಾಂಟು, ಸಾಫ್ಟ್‌ವೇರ್ ಹಾಕುವ ವ್ಯವಸ್ಥೆ ಎಲ್ಲ ಸೇರಿಸಿ ಒಂದು ಕಟ್ಟಾಗಿ ಕೊಡುತ್ತಾರೆ. ಅದಕ್ಕೆ ಡಿಸ್ಟ್ರೊ ಅಂತಾರೆ. ಜೋಳದ ಹಿಟ್ಟು ಎಲ್ಲ ಖಾನಾವಳಿಯಲ್ಲೂ ಒಂದೇ, ರೊಟ್ಟಿಯ ಜೊತೆ ಯಾವ ಪಲ್ಯ ಬಡಿಸುತ್ತಾರೆ, ಎಷ್ಟು ಖಾರ ಹಾಕುತ್ತಾರೆ ಅನ್ನೋದು ಬೇರೆ.

ಒಂದು ವಂಶಾವಳಿ ಮಾತ್ರ ನೆನಪಿಟ್ಟುಕೊಳ್ಳಿ, ಇದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. 1993ರಲ್ಲಿ ಡೆಬಿಯನ್ ಶುರುವಾಯಿತು. ಡೆಬಿಯನ್ ಮೇಲೆ ಕಟ್ಟಿದ್ದು ಉಬುಂಟು, 2004ರಲ್ಲಿ ಬಂತು. ಉಬುಂಟು ಮೇಲೆ ಕಟ್ಟಿದ್ದು ಲಿನಕ್ಸ್ ಮಿಂಟ್, 2006ರಲ್ಲಿ. ಹಾಗಾಗಿ ಉಬುಂಟುಗೆ ಅಂತ ಯಾರೋ ಬರೆದಿಟ್ಟ ಪರಿಹಾರ ಬಹುಪಾಲು ಮಿಂಟ್‌ನಲ್ಲೂ ನಡೆಯುತ್ತದೆ. ಹೊಸಬರಿಗೆ ಇದೇ ದೊಡ್ಡ ಆಸರೆ. ರಾತ್ರಿ ಹನ್ನೊಂದಕ್ಕೆ ಪ್ರಿಂಟರ್ ಕೈಕೊಟ್ಟಾಗ ಕೇಳಲು ಯಾರೂ ಇರುವುದಿಲ್ಲ. ಆಗ ಹುಡುಕಿದರೆ ಉತ್ತರ ಸಿಗುವಂಥದ್ದು ನಿಮ್ಮ ಹತ್ತಿರ ಇರಬೇಕು. ಈ ಕುಟುಂಬದಲ್ಲಿ ಉತ್ತರ ಸಿಗುತ್ತದೆ.

ಮೊದಲು ಮಷಿನ್ ನೋಡಿ

ರ‍್ಯಾಮ್ 8 ಜಿಬಿ ಇದ್ದರೆ ಯೋಚನೆಯೇ ಬೇಡ, ಮಿಂಟ್‌ನ ಸಿನ್ನಮನ್ ಡೆಸ್ಕ್‌ಟಾಪ್ ಅಥವಾ ಉಬುಂಟು ಎಲ್‌ಟಿಎಸ್ (ಹೆಚ್ಚು ವರ್ಷ ಅಪ್‌ಡೇಟ್ ಬರುವ ಆವೃತ್ತಿ) ಎರಡೂ ಆರಾಮಾಗಿ ಓಡುತ್ತವೆ. 4 ಜಿಬಿ ಇದ್ದರೆ ಮಿಂಟ್‌ನದೇ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿ, ಅದು ಹಗುರ. 2 ಜಿಬಿಗೆ ಉಬುಂಟುವಿನದೇ ಹಗುರ ರೂಪವಾದ ಲುಬುಂಟು ಸರಿ. ಅದರಲ್ಲಿ ಟೈಪಿಂಗ್, ಕೋಡ್ ಬರೆಯುವುದು, ಪಿಡಿಎಫ್ ಓದುವುದು ಚೆನ್ನಾಗಿ ಆಗುತ್ತದೆ, ಆದರೆ ಬ್ರೌಸರ್‌ನಲ್ಲಿ ಐದಾರು ಟ್ಯಾಬ್ ತೆರೆದರೆ ಯಾವ ಲಿನಕ್ಸ್ ಆದರೂ ಏದುಸಿರು ಬಿಡುತ್ತದೆ, ಯಾಕೆಂದರೆ ಅಲ್ಲಿ ಮೆಮೊರಿ ನುಂಗುವುದು ಬ್ರೌಸರ್. ತೀರಾ ಹಳೆಯ 32 ಬಿಟ್ ಪ್ರೊಸೆಸರ್ ಇದ್ದರೆ ಆಯ್ಕೆ ಕಡಿಮೆ. ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಬಂದ 13ನೇ ಆವೃತ್ತಿಯಿಂದ 32 ಬಿಟ್ ಇನ್‌ಸ್ಟಾಲರ್ ನಿಲ್ಲಿಸಿದೆ. ಅಂಥ ಮಷಿನ್ ಮೇಲೆ ಕಲಿಕೆ ಶುರು ಮಾಡಬೇಡಿ ಅಂತಲೇ ನನ್ನ ಸಲಹೆ.

ಇನ್ನೊಂದು ಮಾತು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದು, ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ, ಮೊದಲು ಒಂದು 256 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. ಹುಬ್ಬಳ್ಳಿಗೆ ಹೋದರೆ ಅರ್ಧ ಗಂಟೆಯ ಕೆಲಸ. ರ‍್ಯಾಮ್ ಹೆಚ್ಚಿಸುವ ಮುಂಚೆ ಇದನ್ನು ಮಾಡಿ, ಒಂದು ಲಿನಕ್ಸ್ ಬಿಟ್ಟು ಇನ್ನೊಂದು ಹಾಕುವುದಕ್ಕಿಂತ ಇದರಿಂದ ಜಾಸ್ತಿ ವ್ಯತ್ಯಾಸ ಕಾಣುತ್ತದೆ. ರ‍್ಯಾಮ್ ಕೊಳ್ಳುವುದಾದರೆ ಹಳೆಯದನ್ನು ಬಿಚ್ಚಿ ಜೊತೆಗೆ ಒಯ್ಯಿರಿ. ಡಿಡಿಆರ್3 ಮತ್ತು ಡಿಡಿಆರ್4 ಅಂತ ಬೇರೆ ಬೇರೆ ಬಗೆ ಇವೆ, ಒಂದರ ಜಾಗದಲ್ಲಿ ಒಂದು ಕೂಡುವುದಿಲ್ಲ.

ನಿಮ್ಮ ಕೆಲಸ ಏನು ಅನ್ನುವುದನ್ನೂ ಈಗಲೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಮನೆಯಲ್ಲಿ ಯಾರಾದರೂ ಟ್ಯಾಲಿಯಲ್ಲಿ ಲೆಕ್ಕ ಬರೆಯುತ್ತಿದ್ದರೆ ಅದು ವಿಂಡೋಸ್‌ಗೆ ಮಾಡಿದ್ದು. ನಮ್ಮ ಗದಗಿನ ಪ್ರೆಸ್‌ಗಳಲ್ಲಿ ಲಗ್ನಪತ್ರಿಕೆ, ಬ್ಯಾನರ್ ಮಾಡುವ ಕೋರೆಲ್‌ಡ್ರಾ ಲಿನಕ್ಸ್‌ಗೆ ಬರುವುದಿಲ್ಲ, ಫೋಟೋಶಾಪ್ ಬರುವುದಿಲ್ಲ. ಅವುಗಳ ಬದಲು ಲಿನಕ್ಸ್‌ನಲ್ಲಿ ಸಿಗುವ ಇಂಕ್‌ಸ್ಕೇಪ್, ಗಿಂಪ್ ಒಳ್ಳೆಯ ಸಾಫ್ಟ್‌ವೇರ್, ನಾನೇ ಬಳಸುತ್ತೇನೆ, ಆದರೆ ನಾಳೆ ಬೆಳಿಗ್ಗೆ ಗಿರಾಕಿಗೆ ಪತ್ರಿಕೆ ಕೊಡಬೇಕಾದವರು ಇವತ್ತು ರಾತ್ರಿ ಅದನ್ನು ಕಲಿಯಲು ಕೂರಬಾರದು. ಅಂಥವರು ವಿಂಡೋಸ್ ಇಟ್ಟುಕೊಂಡೇ ಪಕ್ಕದಲ್ಲಿ ಲಿನಕ್ಸ್ ಹಾಕಿಕೊಳ್ಳಲಿ. ಕೋಡಿಂಗ್ ಕಲಿಯುವವರಿಗೆ ಮಾತ್ರ ಲಿನಕ್ಸ್ ತವರುಮನೆ ಇದ್ದ ಹಾಗೆ. ಪೈಥಾನ್ ಮೊದಲೇ ಕೂತಿರುತ್ತದೆ, ಸಿ ಕಂಪೈಲರ್ ಒಂದು ಸಾಲಿನ ಕಮಾಂಡ್‌ನಲ್ಲಿ ಬರುತ್ತದೆ.

ನನ್ನ ಆಯ್ಕೆ ಮತ್ತು ಕಾರಣ

ಮೊದಲ ಲಿನಕ್ಸ್ ಆಗಿ ನಾನು ಹೇಳುವುದು ಮಿಂಟ್. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು, ಗಡಿಯಾರ ಬಲಕ್ಕೆ. ವಿಂಡೋಸ್ ನೋಡಿದವರ ಕೈ ತಾನಾಗಿ ಹೋಗಬೇಕಾದ ಕಡೆ ಹೋಗುತ್ತದೆ. ಅಪ್‌ಡೇಟ್ ಮಾಡಲು ಒಂದು ಕಿಟಕಿ, ಡ್ರೈವರ್ ಹುಡುಕಲು ಒಂದು ಕಿಟಕಿ, ಏನಾದರೂ ಹಾಳಾದರೆ ನಿನ್ನೆಯ ಸ್ಥಿತಿಗೆ ವಾಪಸ್ ಹೋಗಲು ಟೈಮ್‌ಶಿಫ್ಟ್ ಅನ್ನೋದು, ಎಲ್ಲ ಮೊದಲೇ ಕೊಟ್ಟಿರುತ್ತಾರೆ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಅಂದರೆ ಡಿಗ್ರಿ ಮುಗಿಯುವವರೆಗೆ ತಲೆನೋವಿಲ್ಲ.

ಎರಡನೆಯದು ಉಬುಂಟು. ಇದರಲ್ಲಿ ಒಂದು ವಿಷಯ ಗೊತ್ತಿರಲಿ. ಹೆಸರಿನ ಸಂಖ್ಯೆ ನೋಡಿ, 24.04 ಅಂದರೆ 2024ರ ನಾಲ್ಕನೇ ತಿಂಗಳು ಬಂದದ್ದು. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವುದಕ್ಕೆ ಎಲ್‌ಟಿಎಸ್ ಅಂತಾರೆ, ಅದಕ್ಕೆ 5 ವರ್ಷ ಅಪ್‌ಡೇಟ್. ನಡುವೆ ಬರುವವಕ್ಕೆ 9 ತಿಂಗಳು ಮಾತ್ರ. ಕಲಿಯುವವರು ಎಲ್‌ಟಿಎಸ್ ಅಂತ ಬರೆದದ್ದನ್ನೇ ಇಳಿಸಿಕೊಳ್ಳಿ. ಫೆಡೋರಾ ಅನ್ನೋ ಇನ್ನೊಂದು ಡಿಸ್ಟ್ರೊ ಕೂಡ ಚೊಕ್ಕ ಕೆಲಸ, ಆದರೆ ಆರು ತಿಂಗಳಿಗೊಮ್ಮೆ ಹೊಸದು ಬರುತ್ತದೆ, ಒಂದೊಂದಕ್ಕೂ ಸುಮಾರು 13 ತಿಂಗಳ ಆಯುಷ್ಯ. ಅದಕ್ಕೆ ಒಂದು ವರ್ಷ ಬಿಟ್ಟು ಹೋಗಿ.

ಇಲ್ಲಿ ನಿಂತು ಒಂದು ಮಾತು ಜೋರಾಗಿ ಹೇಳಬೇಕು. ಕಾಲಿ ಲಿನಕ್ಸ್ ಬೇಡ. ಅಕ್ಕನ ಮಗನ ಪಟ್ಟಿಯಲ್ಲಿ ಅದು ಎರಡನೇ ಹೆಸರಾಗಿತ್ತು, ಅವನ ಕ್ಲಾಸಿನಲ್ಲಿ ಅರ್ಧ ಹುಡುಗರಿಗೆ ಅದೇ ಬೇಕಂತೆ, ವಿಡಿಯೋದಲ್ಲಿ ಕಪ್ಪು ಪರದೆ, ಹಸಿರು ಅಕ್ಷರ ನೋಡಿ ಮನಸ್ಸು ಹೋಗಿರುತ್ತದೆ. ಕಾಲಿ ಮಾಡಿರುವುದು ಕಂಪನಿಗಳ ನೆಟ್‌ವರ್ಕ್‌ನ ಭದ್ರತೆ ಪರೀಕ್ಷಿಸುವವರಿಗೆ. ಲಿನಕ್ಸ್ ಬಾರದವರು ಇದರಿಂದ ಶುರು ಮಾಡಬೇಡಿ ಅಂತ ಅದನ್ನು ತಯಾರಿಸುವವರೇ ಬರೆದಿಟ್ಟಿದ್ದಾರೆ. ಭದ್ರತೆಯ ಕೆಲಸಕ್ಕೇ ಹೋಗಬೇಕು ಅನ್ನುವವರೂ ಮೊದಲು ಫೈಲು, ಪರ್ಮಿಷನ್ನು, ನೆಟ್‌ವರ್ಕು ಇವೆಲ್ಲ ಕಲಿಯಬೇಕು, ಅದನ್ನೆಲ್ಲ ಮಿಂಟ್‌ನಲ್ಲೇ ಕಲಿಯಬಹುದು. ಅಲ್ಲಿ ಬೇಕಾಗುವ ಸಾಧನಗಳನ್ನೂ ಆಮೇಲೆ ಒಂದೊಂದಾಗಿ ಇಲ್ಲಿಗೇ ಹಾಕಿಕೊಳ್ಳಬಹುದು. ಆರ್ಚ್, ಜೆಂಟೂ ಅನ್ನೋ ಡಿಸ್ಟ್ರೊಗಳ ವಿಷಯವೂ ಅಷ್ಟೇ. ಒಳ್ಳೆಯವು, ಮೊದಲ ದಿನಕ್ಕಲ್ಲ.

ಪೆನ್‌ಡ್ರೈವ್ ತಯಾರಿ

ಡಿಸ್ಟ್ರೊದ ಸ್ವಂತ ತಾಣದಿಂದ ಐಎಸ್ಒ ಫೈಲ್, ಅಂದರೆ ಇಡೀ ಡಿಸ್ಟ್ರೊ ಒಂದೇ ಫೈಲಾಗಿ ಕಟ್ಟಿದ್ದು, ಇಳಿಸಿಕೊಳ್ಳಿ. ಮಿಂಟ್ ಸುಮಾರು 3 ಜಿಬಿ, ಉಬುಂಟು 24.04 ಸುಮಾರು 6 ಜಿಬಿ. ಫೋನಿನ ಡೇಟಾ ಸಾಲದಿದ್ದರೆ ಕಾಲೇಜಿನ ಲ್ಯಾಬ್‌ನಲ್ಲಿ ಕೇಳಿ.

ಇಳಿಸಿದ ಮೇಲೆ ಬಹಳ ಜನ ಬಿಟ್ಟುಬಿಡುವ ಒಂದು ಹೆಜ್ಜೆ ಇದೆ. ಡೌನ್‌ಲೋಡ್ ಪುಟದಲ್ಲೇ ಎಸ್‌ಎಚ್‌ಎ256 ಅಂತ ಉದ್ದ ಅಂಕಿ-ಅಕ್ಷರಗಳ ಸಾಲು ಕೊಟ್ಟಿರುತ್ತಾರೆ. ನಿಮ್ಮ ಫೈಲಿಗೂ ಅದೇ ಸಾಲು ಬರುತ್ತದಾ ಅಂತ ಹೊಂದಿಸಿ ನೋಡಿ. 7-ಜಿಪ್ ಅನ್ನೋ ಸಾಫ್ಟ್‌ವೇರ್ ಇದ್ದರೆ ಫೈಲ್ ಮೇಲೆ ಬಲ ಕ್ಲಿಕ್ ಮಾಡಿದಾಗ ಅದರಲ್ಲೇ ಸಿಗುತ್ತದೆ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ತಾಣಕ್ಕೇ ಕಳ್ಳರು ನುಗ್ಗಿ, ಡೌನ್‌ಲೋಡ್ ಕೊಂಡಿ ಬದಲಿಸಿ, ಹಿಂಬಾಗಿಲು ಇಟ್ಟ ಐಎಸ್ಒ ಹಂಚಿದ್ದರು. ಒಂದೇ ದಿನದಲ್ಲಿ ಸಿಕ್ಕಿಬಿತ್ತು, ಮಿಂಟ್‌ನವರೇ ಎಲ್ಲರಿಗೂ ತಿಳಿಸಿದರು. ನೆಟ್ ನಡುವೆ ಕಡಿದು ಅರೆಬರೆ ಇಳಿದ ಫೈಲನ್ನೂ ಇದೇ ಹಿಡಿದುಕೊಡುತ್ತದೆ. ಎರಡು ನಿಮಿಷದ ಕೆಲಸ, ಬಿಡಬೇಡಿ.

ಆಮೇಲೆ ಐಎಸ್ಒವನ್ನು ಪೆನ್‌ಡ್ರೈವ್‌ಗೆ ಬರೆಯುವ ರೂಫಸ್ ಅಥವಾ ಬಲೇನಾ ಎಚರ್ ತೆರೆದು ಐಎಸ್ಒ ತೋರಿಸಿ, ಪೆನ್‌ಡ್ರೈವ್ ತೋರಿಸಿ, ಶುರು ಮಾಡಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿ ಹೋಗುತ್ತದೆ. ಎರಡು ಮೂರು ಡಿಸ್ಟ್ರೊ ಹೋಲಿಸಿ ನೋಡುವ ಆಸೆ ಇದ್ದರೆ ವೆಂಟಾಯ್ ಹಾಕಿಕೊಳ್ಳಿ. ಆಗ 32 ಜಿಬಿ ಪೆನ್‌ಡ್ರೈವ್‌ಗೆ ನಾಲ್ಕೈದು ಐಎಸ್ಒ ಸುಮ್ನೆ ಕಾಪಿ ಮಾಡಿದರೆ ಸಾಕು, ಆನ್ ಆಗುವಾಗ ಯಾವುದು ಬೇಕು ಅಂತ ಅದೇ ಕೇಳುತ್ತದೆ.

ವಿಂಡೋಸ್ ಒಳಗೇ ಒಂದು ಕಿಟಕಿಯಲ್ಲಿ ಲಿನಕ್ಸ್ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ನೋಡಿದರೆ ಆಗಲ್ವಾ ಅಂತ ಕೇಳುತ್ತಾರೆ. ಕಮಾಂಡ್ ಕಲಿಯಲು ಆಗುತ್ತದೆ. ಆದರೆ ನಿಮ್ಮ ವೈಫೈ, ನಿಮ್ಮ ಸ್ಪೀಕರ್, ನಿಮ್ಮ ಬ್ಯಾಟರಿ ಇವು ಲಿನಕ್ಸ್ ಜೊತೆ ಹೊಂದುತ್ತವಾ ಅನ್ನೋದು ಅಲ್ಲಿ ತಿಳಿಯುವುದೇ ಇಲ್ಲ.

ಆ ಅರ್ಧ ಗಂಟೆ

ಪೆನ್‌ಡ್ರೈವ್ ಹಾಕಿ ಮಷಿನ್ ಆನ್ ಮಾಡುವಾಗ ಬೂಟ್ ಮೆನು (ಯಾವ ಡಿಸ್ಕಿನಿಂದ ಶುರುವಾಗಲಿ ಅಂತ ಕೇಳುವ ಪಟ್ಟಿ) ತರುವ ಕೀ ಒತ್ತಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9. ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿದರೆ ಇನ್‌ಸ್ಟಾಲ್ ಮಾಡದೆಯೇ ಪೂರ್ತಿ ಡೆಸ್ಕ್‌ಟಾಪ್ ಬರುತ್ತದೆ. ಇದಕ್ಕೆ ಲೈವ್ ಅಂತಾರೆ. ಇನ್‌ಸ್ಟಾಲ್ ಐಕಾನ್ ಮುಟ್ಟದಿದ್ದರೆ ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಸ್ವಲ್ಪ ನಿಧಾನ ಅನ್ನಿಸುತ್ತದೆ, ಅದು ಪೆನ್‌ಡ್ರೈವ್‌ನ ನಿಧಾನ, ಅದನ್ನು ನೋಡಿ ತೀರ್ಮಾನ ಮಾಡಬೇಡಿ.

ಅವತ್ತು ಪಡಸಾಲೆಯಲ್ಲಿ ಕೂತು ನಾವು ಮಾಡಿದ್ದು ಹೀಗೆ. ಮಿಂಟ್ ಎಕ್ಸ್‌ಎಫ್‌ಸಿಇ ಬಂತು. ಮೊದಲು ವೈಫೈ ನೋಡಿದೆವು. ಹೆಸರೇ ಕಾಣಲಿಲ್ಲ. ಹುಡುಗನ ಮುಖ ಸಣ್ಣಗಾಯಿತು. ಗಾಬರಿ ಬೇಡ ಅಂದೆ. ಫೋನನ್ನು ಚಾರ್ಜಿಂಗ್ ವೈರಿನಿಂದ ಲ್ಯಾಪ್‌ಟಾಪ್‌ಗೆ ಹಚ್ಚಿ, ಫೋನಿನ ನೆಟ್ ಅನ್ನು ವೈರಿನಿಂದ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿಸಿದೆ. ಹತ್ತು ಸೆಕೆಂಡಿನಲ್ಲಿ ಇಂಟರ್‌ನೆಟ್ ಬಂತು. ಇದಕ್ಕೆ ಯಾವ ಡ್ರೈವರೂ ಬೇಕಿಲ್ಲ, ನೆನಪಿಡಿ, ವೈಫೈ ಕಾಣಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಎಷ್ಟೋ ಜನ ಲಿನಕ್ಸ್ ಬಿಟ್ಟಿದ್ದಾರೆ. ನೆಟ್ ಬಂದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದೆವು, ಅವನ ವೈಫೈ ಚಿಪ್ಪಿಗೆ ಬೇಕಾದದ್ದು ಪಟ್ಟಿಯಲ್ಲಿ ಇತ್ತು. ಸರಿ, ಪಾಸ್.

ಆಮೇಲೆ ಒಂದು ಹಾಡು ಹಚ್ಚಿ ಸ್ಪೀಕರ್ ನೋಡಿದೆವು, ಬೆಳಕು ಹೆಚ್ಚು ಕಡಿಮೆ ಮಾಡುವ ಕೀ ನೋಡಿದೆವು, ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆದು ಎಚ್ಚರಾಗುತ್ತದಾ ನೋಡಿದೆವು. ಈ ಮುಚ್ಚಳದ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ದಿನಕ್ಕೆ ಹತ್ತು ಸಲ ಮುಚ್ಚಿ ತೆರೆಯುವ ವಸ್ತು ಅದು, ನೋಡಲೇಬೇಕು. ಪ್ರಿಂಟರ್ ಇದ್ದವರು ಅದನ್ನೂ ಹಚ್ಚಿ ಒಂದು ಹಾಳೆ ತೆಗೆದು ನೋಡಿ.

ಕೊನೆಗೆ ಕನ್ನಡ. ನನಗೆ ಇದೇ ದೊಡ್ಡ ಪರೀಕ್ಷೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ ಸೇರಿಸುವ ಕಡೆ ಹೋದರೆ ಕನ್ನಡದ ಕೆಳಗೆ ಕಗಪ ಅಂತ ಸಿಗುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕೈಗಳಿಗೆ ಇದು ಗೊತ್ತಿರುವ ವಿನ್ಯಾಸ, ಒತ್ತಕ್ಷರಕ್ಕೆ ಎಫ್ ಕೀ. ನಾನು ಯಾವಾಗಲೂ ಹುಬ್ಬಳ್ಳಿ ಅಂತ ಹೊಡೆದು ನೋಡಿಸುತ್ತೇನೆ, ಎರಡು ಒತ್ತು ಒಂದೇ ಪದದಲ್ಲಿ ಇವೆ. ಹುಡುಗ ಮೊದಲ ಸಲ ಎಫ್ ಮರೆತು ಅಕ್ಷರ ಒಂದರ ಪಕ್ಕ ಒಂದು ಬಿದ್ದವು. ಅಳಿಸಿ ಮತ್ತೆ ಹೊಡೆದ. ಬ ಕೆಳಗೆ ಬ ಒತ್ತು, ಳ ಕೆಳಗೆ ಳ ಒತ್ತು, ಗುಡಿಸು ಸರಿಯಾಗಿ ಮೇಲೆ ಕೂತಿತು. ಅಕ್ಷರ ಚೌಕ ಚೌಕ ಕಂಡರೆ ಫಾಂಟ್ ಇಲ್ಲ ಅಂತ ಅರ್ಥ, ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಗುಬ್ಬಿ, ನವಿಲು ಅಂತ ಎರಡು ಮುಕ್ತ ಫಾಂಟ್ ಸಿಗುತ್ತವೆ, ಹಾಕಿಕೊಳ್ಳಿ. ಸ್ವರಾಕ್ಷರಗಳೂ ನುಡಿಯಷ್ಟೇ ಸರಾಗವಾಗಿ ಬರಬೇಕು ಅನ್ನುವವರು ಇನ್‌ಸ್ಟಾಲ್ ಆದ ಮೇಲೆ ಐಬಸ್ ಎಂ17ಎನ್ ಅನ್ನೋ ಟೈಪಿಂಗ್ ಸಾಧನ ಹಾಕಿ ಅದರ ಕಗಪ ಆರಿಸಲಿ. ಹಳೆಯ ನುಡಿ, ಬರಹ ಫಾಂಟಿನ ಫೈಲುಗಳು ಮಾತ್ರ ಲಿನಕ್ಸ್‌ನ ಆಫೀಸ್ ಸಾಫ್ಟ್‌ವೇರ್ ಆದ ಲಿಬ್ರೆಆಫೀಸ್‌ನಲ್ಲಿ ವಿಚಿತ್ರ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಫೈಲು ಕೆಟ್ಟಿಲ್ಲ, ಅವನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ಅರ್ಧ ಗಂಟೆಯಲ್ಲಿ ವೈಫೈ, ಸದ್ದು, ಮುಚ್ಚಳ, ಕನ್ನಡ ಇಷ್ಟೂ ಪಾಸಾದರೆ ಅದೇ ನಿಮ್ಮ ಲಿನಕ್ಸ್. ಯಾವುದಾದರೂ ಒಂದು ಪಾಸಾಗದಿದ್ದರೆ ಅದೇ ಪೆನ್‌ಡ್ರೈವ್‌ಗೆ ಉಬುಂಟು ಹಾಕಿ ಮತ್ತೊಮ್ಮೆ ನೋಡಿ.

ಇನ್‌ಸ್ಟಾಲ್ ಮಾಡುವ ದಿನ

ಇನ್‌ಸ್ಟಾಲರ್ ಸುಲಭ, ಕೇಳಿದ್ದಕ್ಕೆ ಉತ್ತರ ಕೊಡುತ್ತಾ ಹೋದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಅಪಾಯ ಇರುವುದು ಒಂದೇ ಕಡೆ, ಡಿಸ್ಕ್ ಕೇಳುವ ಪುಟದಲ್ಲಿ. ಅಲ್ಲಿ ವಿಂಡೋಸ್ ಪಕ್ಕದಲ್ಲಿ ಹಾಕು ಅಂತ ಒಂದು ಆಯ್ಕೆ, ಪೂರ್ತಿ ಅಳಿಸಿ ಹಾಕು ಅಂತ ಇನ್ನೊಂದು. ನಾನು ಎಂಟು ವರ್ಷದ ಹಿಂದೆ ಬ್ಯಾಕಪ್ ಮಾಡಿದ ಹೊರಗಿನ ಹಾರ್ಡ್ ಡಿಸ್ಕನ್ನು ಬಿಚ್ಚದೆ ಇನ್‌ಸ್ಟಾಲ್ ಮಾಡಲು ಕೂತು, ಎರಡು ಡಿಸ್ಕಿನ ಹೆಸರಲ್ಲಿ ತಪ್ಪಾದದ್ದನ್ನು ಆರಿಸಿ, ನಮ್ಮ ತಂದೆಯ ಕೊನೆಯ ಎರಡು ವರ್ಷದ ಫೋಟೊ ಕಳೆದುಕೊಂಡೆ. ಇವತ್ತಿಗೂ ಅದು ಮನಸ್ಸಿನಲ್ಲಿದೆ. ಅದಕ್ಕೇ ಹೇಳುತ್ತೇನೆ, ಬ್ಯಾಕಪ್ ಮಾಡಿ, ಬ್ಯಾಕಪ್ ಇರುವ ಡಿಸ್ಕನ್ನು ಬಿಚ್ಚಿ ಬೇರೆ ಕೋಣೆಯಲ್ಲಿ ಇಡಿ, ಆಮೇಲೆ ಕೂರಿ. ಡಿಸ್ಕಿನ ಗಾತ್ರ ಓದಿ, ಎರಡು ಸಲ ಓದಿ.

ವಿಂಡೋಸ್ ಉಳಿಸಿಕೊಳ್ಳುವವರು ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮುಂದುವರಿಯಿರಿ. ಚಾರ್ಜರ್ ಹಚ್ಚಿರಲಿ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಯುಪಿಎಸ್ ಇರುವ ಕಡೆ ಒಯ್ದು ಮಾಡಿ.

ಮೂರು ತಿಂಗಳು ಬದಲಿಸಬೇಡಿ

ಹಾಕಿದ ಮೊದಲ ದಿನವೇ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಆಮೇಲೆ ಧೈರ್ಯವಾಗಿ ಕೈಯಾಡಿಸಿ. ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಫೋಲ್ಡರ್ ನೋಡುವುದು, ಒಳಗೆ ಹೋಗುವುದು, ಕಾಪಿ ಮಾಡುವುದು, ಸಾಫ್ಟ್‌ವೇರ್ ಹಾಕುವುದು, ಮ್ಯಾನ್ ಕಮಾಂಡ್‌ನಿಂದ ಸಹಾಯ ಓದುವುದು, ಮೊದಲ ತಿಂಗಳಿಗೆ ಇಷ್ಟು ಸಾಕು. ಬಾಯಿಪಾಠ ಮಾಡುವ ಬದಲು ನಿಜವಾದ ಒಂದು ಕೆಲಸ ಹಿಡಿಯಿರಿ. ಹುಡುಗನಿಗೆ ನಾನು ಕೊಟ್ಟದ್ದು ಅವರಜ್ಜನ ಜಮೀನು ಕಾಗದಗಳ 180 ಸ್ಕ್ಯಾನ್ ಫೈಲು, ಎಲ್ಲದಕ್ಕೂ ಒಂದೇ ರೀತಿಯ ಹೆಸರು ಮತ್ತು ಸಂಖ್ಯೆ ಕೊಡಬೇಕು. ಕೈಯಿಂದ ಮಾಡಿದರೆ ಒಂದು ಸಂಜೆ. ಅವನು ಎರಡು ದಿನ ಓದಿ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದ, ಓಡಿಸಿದ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಮೂಲ ಫೈಲುಗಳ ಕಾಪಿ ಇಟ್ಟುಕೊಂಡೇ ಮಾಡಿದ, ಅದು ನನಗೆ ಜಾಸ್ತಿ ಖುಷಿ ಕೊಟ್ಟಿತು.

ತೊಂದರೆ ಬಂದಾಗ ಇನ್ನೊಂದು ಡಿಸ್ಟ್ರೊ ಹಾಕಿಬಿಡೋಣ ಅನ್ನಿಸುತ್ತದೆ. ಮಾಡಬೇಡಿ. ಆ ತೊಂದರೆಯನ್ನು ಬಿಡಿಸುವುದರಲ್ಲೇ ಕಲಿಕೆ ಇರುವುದು. ಯಾರನ್ನಾದರೂ ಕೇಳುವಾಗ ಲ್ಯಾಪ್‌ಟಾಪ್ ಮಾಡೆಲ್, ಡಿಸ್ಟ್ರೊ ಮತ್ತು ಅದರ ಸಂಖ್ಯೆ, ಎರರ್ ಸಂದೇಶ ಇದ್ದ ಹಾಗೇ ಕೊಡಿ. ವರ್ಕ್ ಆಗ್ತಿಲ್ಲ ಅಂತಷ್ಟೇ ಬರೆದರೆ ಉತ್ತರ ಕೊಡಲು ಯಾರಿಗೂ ಆಗುವುದಿಲ್ಲ.

ಪೆನ್‌ಡ್ರೈವ್ ಅಳಿಸಬೇಡಿ. ನಾಳೆ ಮಷಿನ್ ಬೂಟ್ ಆಗದಿದ್ದರೆ ಅದರಿಂದಲೇ ಆನ್ ಮಾಡಿ ಫೈಲು ಹೊರತೆಗೆಯಬಹುದು, ರಿಪೇರಿ ಮಾಡಬಹುದು. ಅದನ್ನು ಗೆಳೆಯರಿಗೆ ಕೊಟ್ಟರೆ ಕಳ್ಳತನವೂ ಅಲ್ಲ, ಮುಕ್ತ ಸಾಫ್ಟ್‌ವೇರ್‌ನ ಲೈಸೆನ್ಸೇ ಹಂಚಲು ಅನುಮತಿ ಕೊಟ್ಟಿದೆ. ನಮ್ಮ ಹುಡುಗನ ಪೆನ್‌ಡ್ರೈವ್ ಈಗ ಸಪ್ತಾಪುರದ ಅವನ ರೂಮಿನ ಮೂರನೇ ಹುಡುಗನ ಹತ್ತಿರ ಇದೆಯಂತೆ.